ಒಡೆಸ್ಸಾ ಸೋಪಾನ ಪ್ರಕರಣ: ಇತಿವೃತ್ತವೂ ಕಲ್ಪನೆಯೂ

೧

ಕಾವ್ಯಕ್ಕೂ ಇತಿಹಾಸಕ್ಕೂ ಇರುವ ಸಂಬಂಧವು ಭಾರತೀಯ ಆಲಂಕಾರಿಕರು ಬಹುಕಾಲದಿಂದ ವಿಚಾರಿಸುತ್ತ ಬಂದಿರುವ ವಿಷಯಗಳಲ್ಲೊಂದು. ಕಾಳಿದಾಸನ ಶಾಕುಂತಲದಲ್ಲಿ ಬರುವ ದುರ್ವಾಸಶಾಪವು ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿಲ್ಲ. ಉತ್ತರರಾಮಚರಿತದ ಕೊನೆಯಲ್ಲಿ ಸೀತಾರಾಮರಿಗೆ ಒದಗುವ ಪುನಸ್ಸಮಾಗಮವು ರಾಮಾಯಣದ ಉತ್ತರಕಾಂಡದಲ್ಲಿಲ್ಲ. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿ ಮಾಡಿದುದು ವ್ಯಾಸಭಾರತಕ್ಕೆ ಹೊಂದತಕ್ಕುದಲ್ಲ. ಇವುಗಳಿಂದ ಆ ಕೃತಿಗಳ ಗೌರವಕ್ಕೆ ಕುಂದು ಬಂದಿತೆಂದು ಯಾವ ಸಹೃದಯನೂ ಹೇಳಲಾರನು. ಕವಿಯ ಉಪಕರಣವು ಶಬ್ದ. ಶಬ್ದದಿಂದ ಕಟ್ಟಿದುದು ಕಟ್ಟಿದುದೆಂದೇ ಓದುಗನಿಗೆ ತಿಳಿದಿರುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಚಲಚ್ಚಿತ್ರಕಲೆಯಲ್ಲಾದರೋ ಉಪಕರಣವೇ ಬೇರೆ. ಅಲ್ಲಿ ಬೆಳಕೇ ವಸ್ತುವಿನ ಪ್ರತಿಬಿಂಬವನ್ನು ಬರೆಯುವುದು. ನೋಡುವವನು ತಾನು ಕಂಡುದು ಕಲ್ಪಿತವೆಂಬುದನ್ನು ಸುಲಭವಾಗಿ ಮರೆಯುವನು. ಹೀಗಿರುವುದರಿಂದ ಇತಿವೃತ್ತವನ್ನು ಬದಲಾಯಿಸುವ ಅಧಿಕಾರದ ಪ್ರಶ್ನೆಯು ಈ ಕಲೆಯಲ್ಲಿ ಹೊಸದೊಂದು ರೂಪವನ್ನು ತಾಳಿತು.

ಆ ಹೊಸ ರೂಪವನ್ನು ಪರೀಕ್ಷಿಸುವುದಕ್ಕೆ “ಯುದ್ಧನೌಕೆ ಪೊಟೆಮ್ಕಿನ್” ಎಂಬ ರಷ್ಯನ್ ಮೂಕಚಿತ್ರದ ನಾಲ್ಕನೆಯ ಭಾಗಕ್ಕಿಂತ ತಕ್ಕ ಉದಾಹರಣೆಯು ದೊರೆಯುವುದು ಕಷ್ಟ. ಇದರ ನಿರ್ದೇಶಕನು ಸೆರ್ಗೈ ಐಸೆನ್‌ಸ್ಟೈನ್ (೧೮೯೮–೧೯೪೮). ಛಾಯಾಗ್ರಾಹಕನು ಎಡ್ವರ್ಡ್ ಟಿಸ್ಸೆ. ಚಿತ್ರವು ೧೯೨೫ನೆಯ ಡಿಸೆಂಬರ್ ೨೧ರಂದು ಮಾಸ್ಕೋದ ಬೊಲ್ಷೊಯ್ ನಾಟಕಶಾಲೆಯಲ್ಲಿ ಮೊದಲು ಪ್ರದರ್ಶಿತವಾಯಿತು. ಇದರ ನಾಲ್ಕನೆಯ ಭಾಗದಲ್ಲಿ ಒಡೆಸ್ಸಾ ನಗರದ ಮಹಾಸೋಪಾನದ ಮೇಲೆ ಸೈನಿಕರ ಸಾಲೊಂದು ನಿರಾಯುಧರಾದ ಜನರನ್ನು ಮೇಲಿನಿಂದ ಕೆಳಕ್ಕೆ ಅಟ್ಟಿಕೊಂಡು ಬಂದು ಕೊಲ್ಲುವುದು. ಚಿತ್ರವನ್ನು ನೋಡಿದವರಿಗೆ ೧೯೦೫ನೆಯ ವರ್ಷದ ರಷ್ಯವೆಂದೊಡನೆ ನೆನಪಿಗೆ ಬರುವುದು ಈ ಮೆಟ್ಟಿಲುಗಳೇ. ಆದರೆ ಚಿತ್ರದಲ್ಲಿ ತೋರಿಸಿದಂಥ ಸಂಹಾರವು ಆ ಮೆಟ್ಟಿಲುಗಳ ಮೇಲೆ ನಡೆದುದೇ ಇಲ್ಲ. ನಡೆಯದುದನ್ನು ಕಣ್ಣಾರೆ ಕಂಡಂತೆ ನಂಬಿಸಿದ ಶಕ್ತಿಯು ಯಾವುದು, ಅದನ್ನು ಕವಿಸ್ವಾತಂತ್ರ್ಯವೆಂದು ಒಪ್ಪಬೇಕೆ, ಇಲ್ಲವೆ ಇತಿಹಾಸಕ್ಕೆ ಆದ ಅಪಚಾರವೆಂದು ಎಣಿಸಬೇಕೆ ಎಂಬುದೇ ಪ್ರಕೃತ ವಿಚಾರ.

ಕ್ಯಾಮರಾವು ಒಂದು ಸಲ ತಡೆಯಿಲ್ಲದೆ ಹಿಡಿದ ಚಿತ್ರಭಾಗಕ್ಕೆ ಇಲ್ಲಿ ಖಂಡವೆಂದು ಹೆಸರು. ಖಂಡಗಳನ್ನು ಆಯ್ದು ಜೋಡಿಸುವ ಕ್ರಮಕ್ಕೆ ಸಂಕಲನವೆಂದು ಹೆಸರು. ಕಾವ್ಯದಲ್ಲಿ ಪದ, ವಾಕ್ಯ, ಪ್ರಕರಣ, ಪ್ರಬಂಧಗಳೆಂಬ ವಿಭಾಗಗಳು ಹೇಗೋ ಹಾಗೆ ಇದರಲ್ಲಿ ಖಂಡವು ಪದಸ್ಥಾನದಲ್ಲಿಯೂ ಖಂಡಸಮೂಹವು ವಾಕ್ಯಸ್ಥಾನದಲ್ಲಿಯೂ ನಿಲ್ಲುವುವು.

೨

ಮೊದಲು ನಡೆದ ಸಂಗತಿ. ಕಪ್ಪು ಸಮುದ್ರದ ನೌಕಾಪಡೆಗೆ ಸೇರಿದ ಪೊಟೆಮ್ಕಿನ್ ನೌಕೆಯಲ್ಲಿ ೧೯೦೫ನೆಯ ಜೂನ್ ೨೭ರಂದು, ಅಂದರೆ ಆಗಿನ ರಷ್ಯದ ಪಂಚಾಂಗದಂತೆ ಜೂನ್ ೧೪ರಂದು, ಹುಳು ಬಿದ್ದ ಮಾಂಸದ ಕಾರಣವಾಗಿ ನಾವಿಕರು ದಂಗೆಯೆದ್ದರು. ಆ ಗಲಭೆಯಲ್ಲಿ ವಕುಲಿಂಚುಕ್ ಎಂಬ ನಾವಿಕನು ಗುಂಡಿನ ಗಾಯದಿಂದ ಸತ್ತನು. ನೌಕೆಯು ಅದೇ ದಿನ ಸಂಜೆ ಒಡೆಸ್ಸಾ ರೇವನ್ನು ಸೇರಿತು. ಮುಷ್ಕರಗಳಿಂದ ಆ ನಗರವು ಮೊದಲೇ ಕ್ಷೋಭೆಗೊಂಡಿತ್ತು. ಮರುದಿನ ವಕುಲಿಂಚುಕನ ಶವವನ್ನು ರೇವುಕಟ್ಟೆಯ ಮೇಲಿಡಲು ಅದನ್ನು ನೋಡುವುದಕ್ಕೆ ಜನರು ಗುಂಪುಗುಂಪಾಗಿ ಇಳಿದು ಬಂದರು. ಆ ಸಂಜೆ ರೇವಿನ ಉಗ್ರಾಣಗಳು ಸೂರೆಯಾದುವು, ಬೆಂಕಿ ಹತ್ತಿತು. ಸೈನ್ಯವು ರೇವಿನ ಸುತ್ತ ಕಾವಲು ಕಟ್ಟಿ, ಉರಿಯುತ್ತಿದ್ದ ಆ ಪ್ರದೇಶದಿಂದ ಹೊರಬೀಳಲು ದಾರಿಯಿಲ್ಲದಿದ್ದ ಜನರ ಮೇಲೆ ರಾತ್ರಿಯಲ್ಲಿ ಗುಂಡು ಹಾರಿಸಿತು. ಗುಂಡಿನಿಂದಲೂ ಬೆಂಕಿಯಿಂದಲೂ ಸತ್ತವರು ಸಾವಿರದ ಹತ್ತಿರ ಅಥವಾ ಅದಕ್ಕೂ ಹೆಚ್ಚು ಎಂಬುದು ಇತಿಹಾಸಕಾರರ ಎಣಿಕೆ.

ಮಾರನೆಯ ದಿನ ನೌಕೆಯು ನಗರದ ಮೇಲೆ ಎರಡು ಫಿರಂಗಿ ಗುಂಡುಗಳನ್ನು ಹಾರಿಸಿತಾದರೂ ಅವೆರಡೂ ಗುರಿತಪ್ಪಿದುವು. ದಂಗೆಯನ್ನು ಅಡಗಿಸಲು ಬಂದ ನೌಕಾಪಡೆಯ ಮಧ್ಯದಲ್ಲಿ ಪೊಟೆಮ್ಕಿನ್ ಯುದ್ಧವಿಲ್ಲದೆ ಹಾದುಹೋದುದು ನಿಜ. ಆದರೆ ಕಲ್ಲಿದ್ದಲೂ ಆಹಾರವೂ ಸಾಲದೆ, ಸೇರುವುದಕ್ಕೆ ಬೇರೆ ರೇವು ಕಾಣದೆ, ಜುಲೈ ೮ರಂದು ರುಮೇನಿಯದ ಕಾನ್‌ಸ್ಟಾಂಟ್ಸಾದಲ್ಲಿ ನಾವಿಕರು ಆ ದೇಶದ ಅಧಿಕಾರಿಗಳಿಗೆ ಶರಣಾದರು. ದಂಗೆಯ ಮುಂದಾಳಾದ ಮತ್ಯುಶೆಂಕೊ ಎಂಬವನು ಅನಂತರ ರಷ್ಯಕ್ಕೆ ಹಿಂದಿರುಗಿ ಸೆರೆಸಿಕ್ಕಿ ೧೯೦೭ರಲ್ಲಿ ಗಲ್ಲಿಗೇರಿಸಲ್ಪಟ್ಟನು. ಮಹಾಸೋಪಾನದ ಮೇಲೆ ಹಾಡೆಹಗಲಿನಲ್ಲಿ ನಡೆದ ಸಂಹಾರವೆಂಬುದು ಈ ವೃತ್ತಾಂತದಲ್ಲಿ ಎಲ್ಲಿಯೂ ಇಲ್ಲ.

೩

ಚಿತ್ರದ ಹುಟ್ಟೂ ಗಮನಾರ್ಹವಾದುದು. ೧೯೦೫ರ ಕ್ರಾಂತಿಗೆ ಇಪ್ಪತ್ತು ವರ್ಷ ತುಂಬಿದ ಸಂದರ್ಭದಲ್ಲಿ ಸೋವಿಯೆತ್ ಸರಕಾರವು ಆ ವರ್ಷದ ಸಮಗ್ರ ಚರಿತ್ರೆಯನ್ನು ಚಿತ್ರಿಸಲು ಐಸೆನ್‌ಸ್ಟೈನನಿಗೆ ಅಪ್ಪಣೆ ಕೊಟ್ಟಿತು. ನೀನಾ ಅಗಾಜಾನೊವಾ ಎಂಬ ಲೇಖಕಿಯು ಬರೆದ “೧೯೦೫ನೆಯ ವರ್ಷ” ಎಂಬ ಕಥಾವಸ್ತುವಿನಲ್ಲಿ ಪೊಟೆಮ್ಕಿನ್ ದಂಗೆಗೆ ಸಂದ ಭಾಗವು ತೀರ ಸ್ವಲ್ಪ. ಉತ್ತರದಲ್ಲಿ ಹವೆ ಕೆಟ್ಟುದರಿಂದ ಚಿತ್ರಕಾರರು ದಕ್ಷಿಣದ ಒಡೆಸ್ಸಾಕ್ಕೆ ಹೋದರು. ಅಲ್ಲಿ ಆ ಅಲ್ಪಭಾಗವೇ ಇಡೀ ಚಿತ್ರವಾಯಿತು. ಸೋಪಾನದ ಮೇಲಿನ ಸಂಹಾರವು ಮೊದಲು ಬರೆದ ಯಾವ ಕಥಾರೂಪದಲ್ಲಿಯೂ ಇರಲಿಲ್ಲವೆಂದೂ ಆ ಮೆಟ್ಟಿಲುಗಳನ್ನು ಕಂಡಾಗಲೇ ಅದರ ಕಲ್ಪನೆ ಹುಟ್ಟಿತೆಂದೂ ನಿರ್ದೇಶಕನೇ ಹೇಳಿರುವನು. ದಂಗೆಯೆದ್ದ ನೌಕೆಯು ಆ ವೇಳೆಗೆ ಒಡೆದುಹಾಕಲ್ಪಟ್ಟಿದ್ದುದರಿಂದ “ಹನ್ನೆರಡು ಅಪೊಸ್ತಲರು” ಎಂಬ ಅರ್ಥದ ಹೆಸರುಳ್ಳ ಮತ್ತೊಂದು ಹಳೆಯ ನೌಕೆಯು ಅದರ ಸ್ಥಾನದಲ್ಲಿ ನಿಂತಿತು.

ಒಡೆಸ್ಸಾದ ಸೋಪಾನವು ೧೮೩೭ರಿಂದ ೧೮೪೧ರವರೆಗೆ ಕಟ್ಟಲ್ಪಟ್ಟುದು. ಫ್ರಾಂಚೆಸ್ಕೊ ಬೊಫ್ಫೊ ಎಂಬವನ ರಚನೆ. ಮೊದಲು ೨೦೦ ಮೆಟ್ಟಿಲುಗಳಿದ್ದುವು. ರೇವನ್ನು ವಿಸ್ತರಿಸಿದಾಗ ಕೆಳಗಿನವು ಮುಚ್ಚಿಹೋಗಿ ೧೯೨ ಉಳಿದುವು. ನಡುನಡುವೆ ೧೦ ಜಗುಲಿಗಳಿವೆ. ಮೇಲ್ತುದಿಯ ಅಗಲವು ೧೨.೫ ಮೀಟರು, ಕೆಳತುದಿಯ ಅಗಲವು ೨೧.೭ ಮೀಟರು. ಕೆಳಗೆ ನಿಂತು ನೋಡಿದರೆ ಜಗುಲಿಗಳು ಮರೆಯಾಗಿ ಮೆಟ್ಟಿಲುಗಳ ಎಡೆಬಿಡದ ಪ್ರವಾಹವೊಂದೇ ಕಾಣುವುದು. ಮೇಲೆ ನಿಂತು ನೋಡಿದರೆ ಮೆಟ್ಟಿಲುಗಳು ಮರೆಯಾಗಿ ಜಗುಲಿಗಳು ಮಾತ್ರ ಕಾಣುವುವು. ಹೀಗೆ, ನೋಡುವ ಸ್ಥಾನಕ್ಕೆ ತಕ್ಕಂತೆ ಬೇರೆಬೇರೆಯಾಗಿ ತೋರುವ ಗುಣವು ಆ ಕಟ್ಟಡದಲ್ಲಿಯೇ ಇದ್ದಿತು. ಚಲಚ್ಚಿತ್ರಕಾರನು ಅದನ್ನು ಸಂಪೂರ್ಣವಾಗಿ ಬಳಸಿಕೊಂಡನು.

ಚಿತ್ರದ ಪಾಠದ ವಿಷಯದಲ್ಲಿಯೂ ಒಂದು ಮಾತು ಅವಶ್ಯ. ಇಡೀ ಚಿತ್ರದಲ್ಲಿರುವ ಖಂಡಗಳು ಸುಮಾರು ೧೩೦೦. ಆದರೆ ಪ್ರತಿಯಿಂದ ಪ್ರತಿಗೆ ಅವುಗಳ ಎಣಿಕೆಯು ವ್ಯತ್ಯಾಸವಾಗುವುದು. ೧೯೨೬ರಲ್ಲಿ ಮೂಲಪ್ರತಿಯು ಜರ್ಮನಿಗೆ ಮಾರಲ್ಪಟ್ಟಿತು. ಅಲ್ಲಿನ ಅಧಿಕಾರಿಗಳು ಕ್ರೂರವೆಂದು ಕಂಡ ಖಂಡಗಳನ್ನು ತೆಗೆಸಿದರು. ಬ್ರಿಟನ್ನಿನಲ್ಲಿ ೧೯೫೪ರವರೆಗೆ ಸಾಮಾನ್ಯ ಪ್ರದರ್ಶನಕ್ಕೆ ಅನುಮತಿಯೇ ದೊರೆಯಲಿಲ್ಲ. ಸ್ವದೇಶದಲ್ಲಿಯೇ ಆರಂಭದ ಫಲಕದಲ್ಲಿದ್ದ ಟ್ರಾಟ್ಸ್ಕಿಯ ಮಾತನ್ನು ತೆಗೆದು ಲೆನಿನ್ನನ ಮಾತನ್ನು ಇಟ್ಟರು. ಚದರಿಹೋದ ಭಾಗಗಳನ್ನು ಕೂಡಿಸಿ ಸಿದ್ಧಪಡಿಸಿದ ಪರಿಷ್ಕೃತ ಪಾಠವು ೨೦೦೫ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶಿತವಾಯಿತು. ಹಸ್ತಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಪಂಡಿತರಿಗೆ ಈ ಕಥೆಯು ಅಪರಿಚಿತವಾಗಿ ತೋರದು.

೪

ಇನ್ನು ಪ್ರಕರಣದ ಪರೀಕ್ಷೆ. ಇದು ನಾಲ್ಕು ಖಂಡಸಮೂಹಗಳಾಗಿ ಒಡೆಯುವುದು.

ಮೊದಲನೆಯದು ಸಂತೋಷದ ಸಮೂಹ. ಹಾಯಿದೋಣಿಗಳು ನಾವಿಕರಿಗೆ ಆಹಾರವನ್ನು ಹೊತ್ತು ನೌಕೆಯ ಕಡೆಗೆ ಹೋಗುವುವು. ಜನರು ದಡದಲ್ಲಿ ನಿಂತು ಕೈಬೀಸುವರು. ದೋಣಿಗಳ ಖಂಡವೂ ಜನರ ಖಂಡವೂ ಒಂದಾದಮೇಲೊಂದು ಬರುವುವು. ಇಲ್ಲಿಯ ಹದಿನಾಲ್ಕು ಖಂಡಗಳನ್ನು ೧೯೩೪ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಐಸೆನ್‌ಸ್ಟೈನನೇ ಒಂದೊಂದಾಗಿ ವಿವರಿಸಿರುವನು. ದೋಣಿಗಳೆಂಬ ವಸ್ತುವೂ ಜನರೆಂಬ ವಸ್ತುವೂ ಮೊದಲು ಬೇರೆಬೇರೆಯಾಗಿದ್ದು, ನೆಟ್ಟಗೆ ನಿಂತ ಹಾಯಿಯ ರೇಖೆ, ಬಾಗಿದ ಕಮಾನಿನ ರೇಖೆ, ಆಕೃತಿಗಳ ಸಂಖ್ಯೆ, ಮುಂಭಾಗ ಹಿಂಭಾಗಗಳ ವಿನಿಮಯ ಇವುಗಳ ಮೂಲಕ ಹೇಗೆ ಕ್ರಮವಾಗಿ ಹೆಣೆದುಕೊಳ್ಳುವುವೆಂಬುದನ್ನು ಅಲ್ಲಿ ತೋರಿಸಿದ್ದಾನೆ. ಮುಂದೆ ಸಾಯತಕ್ಕವರ ಪರಿಚಯವಾಗುವುದೂ ಈ ಸಮೂಹದಲ್ಲಿಯೇ. ಬಿಳಿಯ ಕೊಡೆ ಹಿಡಿದ ಹೆಂಗಸು, ಮೂಗಿನ ಮೇಲೆ ಕಚ್ಚಿಸಿದ ಕನ್ನಡಕದ ವೃದ್ಧೆ, ಕಾಲುಗಳಿಲ್ಲದವನು, ಮಗನಿಗೆ ನೌಕೆಯನ್ನು ತೋರಿಸಿ ಕೈಬೀಸಲು ಹೇಳುವ ತಾಯಿ. ಯಾರಿಗೂ ಹೆಸರಿಲ್ಲ. ಹೆಸರಿಲ್ಲದಿರುವುದರಿಂದ ಅವರು ಇಂಥವರೆಂಬ ವಿಶೇಷವು ಕಳೆದು ಯಾವ ನೋಡುಗನಿಗಾದರೂ ತನ್ನವರಾಗಿ ತೋರುವರು. ಅಭಿನವಗುಪ್ತನು ವಿವರಿಸಿದ ಸಾಧಾರಣೀಕರಣಕ್ಕೆ ಇಲ್ಲಿಂದಲೇ ನೆಲವು ಹಸನಾಗುವುದು.

ಎರಡನೆಯ ಸಮೂಹವು “ಇದ್ದಕ್ಕಿದ್ದಂತೆ” ಎಂಬ ಅರ್ಥದ ಬರಹದ ಫಲಕದಿಂದ ಆರಂಭವಾಗುವುದು. ಫಲಕದ ಬೆನ್ನಲ್ಲಿಯೇ ಹೆಂಗಸೊಬ್ಬಳ ತಲೆಯು ಹಿಂದಕ್ಕೂ ಮುಂದಕ್ಕೂ ಎಗರಿ ಕೂದಲು ಮುಖವನ್ನು ಮುಚ್ಚುವುದು ಕ್ಷಣಮಾತ್ರದ ಕೆಲವು ಖಂಡಗಳಲ್ಲಿ ತುಂಡುತುಂಡಾಗಿ ಕಾಣುವುದು. ಬಳಿಕ ಬಿಳಿಯ ಕೊಡೆಯೊಂದು ಚೌಕಟ್ಟನ್ನೆಲ್ಲ ತುಂಬುವಂತೆ ನುಗ್ಗಿ ಬರುವುದು. ಕಾಲಿಲ್ಲದವನು ಕೈಗಳನ್ನು ಊರಿಕೊಂಡು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರುವನು. ಜನಪ್ರವಾಹವು ಕೆಳಗೆ ಉರುಳುವುದು. ಸೈನಿಕರ ಸಾಲು ಕಾಣುವುದು ಇದಾದಮೇಲೆ. ಇಲ್ಲಿ ಕಾರ್ಯವು ಮೊದಲು, ಕಾರಣವು ಅನಂತರ. ಕಾರ್ಯಕಾರಣಗಳ ಪೌರ್ವಾಪರ್ಯವು ತಲೆಕೆಳಗಾಗುವುದನ್ನು ಆಲಂಕಾರಿಕರು ಅತಿಶಯೋಕ್ತಿಯ ಒಂದು ಭೇದವೆಂದು ಎಣಿಸಿರುವರು. ಕಾರಣದ ಶೀಘ್ರತೆಯೇ ಅದರಿಂದ ವ್ಯಂಗ್ಯವಾಗುವ ಅರ್ಥ. ಒಡೆಸ್ಸಾದ ಹೆಂಗಸಿಗೆ ಗುಂಡು ತಗಲಿತೆಂಬುದನ್ನು ನೋಡುಗನು ತಿಳಿಯುವ ಮೊದಲೇ ಅವನಿಗೆ ಅದರ ಪೆಟ್ಟು ತಗಲಿರುವುದು. ಶಬ್ದವಿಲ್ಲದ ಚಿತ್ರದಲ್ಲಿ ಬಂದೂಕಿನ ಸದ್ದಿನ ಸ್ಥಾನವನ್ನು ಆ ಖಂಡಗಳ ಕುಪ್ಪಳಿಕೆಯೇ ತುಂಬಿರುವುದು.

ಸೈನಿಕರನ್ನು ತೋರಿಸುವ ರೀತಿಯೂ ವಿಚಾರಾರ್ಹವಾದುದು. ಅವರು ಬೆನ್ನುಗಳಾಗಿ, ಚಾಚಿದ ಬಂದೂಕುಗಳಾಗಿ, ಒಂದೇ ಅಳತೆಯಲ್ಲಿ ಇಳಿಯುವ ಬೂಟುಗಾಲುಗಳಾಗಿ ಕಾಣುವರೇ ಹೊರತು ಮುಖವುಳ್ಳ ಮನುಷ್ಯರಾಗಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಜನರಾದರೋ ಬಹುಮಟ್ಟಿಗೆ ಮುಖಗಳೇ. ಭಯಾನಕಕ್ಕೆ ಆಲಂಬನವಾದುದನ್ನು ಅಮಾನುಷವನ್ನಾಗಿ ಮಾಡಿ, ಕರುಣಕ್ಕೆ ಆಲಂಬನವಾದವರ ಅನುಭಾವಗಳನ್ನು ಹತ್ತಿರದಿಂದ ತೋರಿಸುವ ಈ ಹಂಚಿಕೆಯು ಇಡೀ ಪ್ರಕರಣವನ್ನು ನಡೆಸುವುದು. ಇದರ ಜೊತೆಗೆ ಲಯದ ಯೋಜನೆಯೊಂದಿದೆ. ಬೂಟುಗಾಲುಗಳ ಹೆಜ್ಜೆಯ ತಾಳವು ಒಂದು. ಖಂಡಗಳು ಬದಲಾಗುವ ತಾಳವು ಮತ್ತೊಂದು. ಇವೆರಡೂ ಕೂಡದಂತೆ ಮಾಡಿದುದು ಬುದ್ಧಿಪೂರ್ವಕವೆಂದು ಐಸೆನ್‌ಸ್ಟೈನನು ಸಂಕಲನದ ಐದು ವಿಧಾನಗಳನ್ನು ನಿರೂಪಿಸಿದ ೧೯೨೯ರ ಪ್ರಬಂಧದಲ್ಲಿ ಸ್ಪಷ್ಟಪಡಿಸಿರುವನು. ಹೆಜ್ಜೆಗೆ ಹೊಂದದ ಎಡೆಯಲ್ಲಿ ಖಂಡವು ಮುರಿಯುವುದರಿಂದ ನೋಡುಗನ ಮನಸ್ಸು ಆ ನಡಗೆಗೆ ಒಗ್ಗಿಕೊಳ್ಳಲಾರದು. ಒಗ್ಗದಿರುವುದರಿಂದಲೇ ಉದ್ವೇಗವು ಏರುತ್ತ ಹೋಗುವುದು.

ಮೂರನೆಯ ಸಮೂಹವು ತಾಯಿಯದು. ಓಡುತ್ತಿರುವ ಹುಡುಗನಿಗೆ ಗುಂಡು ತಗಲುವುದು. ತಾಯಿಗೆ ಅದು ಗೊತ್ತಾಗದೆ ಅವಳು ಮುಂದೆ ಹೋಗುವಳು. ತಿರುಗಿ ನೋಡುವಷ್ಟರಲ್ಲಿ ಓಡುವವರ ಕಾಲುಗಳು ಹುಡುಗನ ಕೈಯನ್ನೂ ಮೈಯನ್ನೂ ತುಳಿಯುತ್ತಿರುವುವು. ಕೊಲ್ಲುವವರು ಸೈನಿಕರು, ತುಳಿಯುವವರು ತನ್ನವರು ಎಂಬ ಕ್ರೂರಸತ್ಯವನ್ನು ಚಿತ್ರಕಾರನು ಇಲ್ಲಿ ಮರೆಮಾಡಿಲ್ಲ. ತಾಯಿಯು ಮಗನನ್ನು ಎತ್ತಿಕೊಂಡು ಮೇಲಕ್ಕೆ ನಡೆಯುವಳು. ಅದುವರೆಗೆ ಎಲ್ಲ ಚಲನೆಯೂ ಕೆಳಮುಖವಾಗಿ, ಅತಿವೇಗವಾಗಿ, ಅನೇಕರದಾಗಿ ಇದ್ದಿತು; ಇದು ಮೇಲ್ಮುಖವಾಗಿ, ಮೆಲ್ಲಗೆ, ಒಬ್ಬಳದಾಗಿ ಇರುವುದು. ಅವಳು ಒಂದೊಂದು ಹೆಜ್ಜೆ ಏರಿದಂತೆಯೂ ಸೈನಿಕರ ನೀಳವಾದ ನೆರಳುಗಳು ಮೆಟ್ಟಿಲುಗಳ ಮೇಲೆ ಅವಳತ್ತ ಚಾಚಿಕೊಳ್ಳುವುವು. ಗುಂಡು ಹಾರಿಸಬೇಡಿರೆಂದೂ ಮಗನ ಸ್ಥಿತಿ ಕೆಟ್ಟಿರುವುದೆಂದೂ ಅವಳು ಬೇಡಿಕೊಳ್ಳುವುದನ್ನು ಫಲಕಗಳು ತಿಳಿಸುವುವು. ಗುಂಡುಗಳು ಹಾರುವುವು, ಅವಳು ಬೀಳುವಳು, ಸಾಲು ಅವಳನ್ನು ದಾಟಿ ಇಳಿಯುವುದು. ಕರುಣವು ಪರಿಪುಷ್ಟವಾಗುವುದು ಇಲ್ಲಿಯೇ, ಏಕೆಂದರೆ ಮಾತಿನಿಂದ ಮನುಷ್ಯನನ್ನು ಒಲಿಸಬಹುದೆಂಬ ಕೊನೆಯ ನಂಬಿಕೆಯು ಇಲ್ಲಿ ಸಾಯುವುದು.

ನಾಲ್ಕನೆಯ ಸಮೂಹವು ತಳ್ಳುಗಾಡಿಯದು. ಸೋಪಾನದ ಬುಡದಲ್ಲಿ ಕೊಸಾಕ್ ಕುದುರೆ ಸವಾರರು ಕಾಣಿಸಿಕೊಳ್ಳುವರು. ಜನರಿಗೆ ಮೇಲೂ ಮೃತ್ಯು, ಕೆಳಗೂ ಮೃತ್ಯು. ಜಗುಲಿಯೊಂದರ ಮೇಲೆ ಎಳೆಯ ತಾಯಿಯೊಬ್ಬಳು ಶಿಶುವಿರುವ ತಳ್ಳುಗಾಡಿಯನ್ನು ಮರೆಮಾಡಿ ನಿಲ್ಲುವಳು. ಇಳಿಯುವ ಕಾಲುಗಳು, ಬಂದೂಕುಗಳು, ಅವಳ ತೆರೆದ ಬಾಯಿ, ಸೊಂಟದ ಪಟ್ಟಿಯ ಬಿಲ್ಲೆಯನ್ನು ಹಿಡಿದ ಕೈಗಳು, ಆ ಕೈಗಳ ಮೇಲೆ ಇಳಿಯುವ ರಕ್ತ, ಮೆಟ್ಟಿಲಿನ ಅಂಚಿನಲ್ಲಿ ಓಲಾಡುವ ಗಾಲಿಗಳು ಇವೆಲ್ಲ ಬೇರೆಬೇರೆ ಖಂಡಗಳಲ್ಲಿ ಬರುವುವು. ಕುಸಿಯುವ ತಾಯಿಯ ಮೈಯೇ ಗಾಡಿಯನ್ನು ಕೆಳಕ್ಕೆ ತಳ್ಳುವುದು. ರಕ್ಷಿಸಲು ನಿಂತ ದೇಹವೇ ನಾಶಕ್ಕೆ ಹೇತುವಾದ ಈ ವಿಪರ್ಯಾಸವು ಪ್ರಕರಣದ ಶಿಖರ. ಅಲ್ಲಿಂದ ಗಾಡಿಯು ಮೆಟ್ಟಿಲಿನಿಂದ ಮೆಟ್ಟಿಲಿಗೆ ಪುಟಿಯುತ್ತ ಓಡುವುದು. ಬೂಟುಗಾಲುಗಳ ಅಳತೆಯ ಇಳಿತವು ಗಾಲಿಗಳ ಅಳತೆಗೆಟ್ಟ ಉರುಳಾಟವಾಗಿ ಪರಿಣಮಿಸುವುದನ್ನು ನಿರ್ದೇಶಕನು ಅದೇ ಚಲನೆಯ ಮುಂದಿನ ಮೆಟ್ಟಿಲೆಂದು ಕರೆದಿರುವನು. ನಡುನಡುವೆ ವೃದ್ಧೆಯ ಮುಖವೂ, ನೋಡಿ ಚೀರುವ ವಿದ್ಯಾರ್ಥಿಯೊಬ್ಬನ ಮುಖವೂ ಬರುವುವು. ಗಾಡಿಯು ಮಗುಚುವಷ್ಟರಲ್ಲಿ ಖಂಡವು ಮುರಿಯುವುದು. ಶಿಶುವಿನ ಗತಿಯನ್ನು ತೋರಿಸಿಲ್ಲ.

ಇಡೀ ಚಿತ್ರದಲ್ಲಿ ಅತ್ಯಂತ ಪ್ರಸಿದ್ಧವಾದ ಜೋಡಣೆಯು ಇದರ ಹಿಂದೆಯೇ ಬರುವುದು. ಕೊಸಾಕನೊಬ್ಬನು ಕ್ರೋಧದಿಂದ ಕತ್ತಿಯನ್ನು ಬೀಸುವನು. ಅವನ ಎದುರಿಗೆ ಯಾರಿರುವರೋ ಕಾಣದು. ಮರುಖಂಡದಲ್ಲಿ ವೃದ್ಧೆಯ ಕನ್ನಡಕವು ಒಡೆದಿರುವುದು, ಕಣ್ಣಿನಿಂದ ರಕ್ತವು ಸುರಿಯುತ್ತಿರುವುದು, ಬಾಯಿ ತೆರೆದಿರುವುದು. ಕತ್ತಿಯೂ ಕಣ್ಣೂ ಒಂದೇ ಚೌಕಟ್ಟಿನಲ್ಲಿ ಎಂದೂ ಸೇರಿಲ್ಲ. ಪೆಟ್ಟು ತೆರೆಯ ಮೇಲೆ ಬೀಳಲಿಲ್ಲ. ಅದು ಬಿದ್ದುದು ನೋಡುಗನ ಮನಸ್ಸಿನಲ್ಲಿ. ಆ ಮುಖದಲ್ಲಿಯೇ ಪ್ರಕರಣವು ಥಟ್ಟನೆ ನಿಲ್ಲುವುದು.

೫

ಇದರ ಮುಂದೆ ನೌಕೆಯ ಫಿರಂಗಿಗಳು ಉತ್ತರ ಕೊಡುವುವು. ಕಟ್ಟಡಗಳು ಸಿಡಿಯುವುವು, ಆಗ ಕಲ್ಲಿನ ಸಿಂಹಗಳ ಮೂರು ಖಂಡಗಳು ಒಂದರ ಹಿಂದೊಂದು ಬರುವುವು. ಮೊದಲನೆಯ ಸಿಂಹವು ಮಲಗಿದೆ, ಎರಡನೆಯದು ಎಚ್ಚತ್ತಿದೆ, ಮೂರನೆಯದು ಎದ್ದಿದೆ. ಕ್ಷಿಪ್ರವಾಗಿ ತೋರಿಸಲು ಒಂದೇ ಸಿಂಹವು ರೋಷದಿಂದ ಎದ್ದಂತಾಗುವುದು. ಜಡವಾದ ಕಲ್ಲೂ ಸಹಿಸದೆ ಎದ್ದಿತೋ ಎಂಬ ಉತ್ಪ್ರೇಕ್ಷೆಯು ಇದು. ಕರುಣವು ರೌದ್ರಕ್ಕೆ ತಿರುಗುವ ಎಡೆಯೂ ಇದೇ. ಗಮನಿಸತಕ್ಕ ವಿಷಯವೆಂದರೆ, ಆ ಸಿಂಹಗಳು ಒಡೆಸ್ಸಾದವಲ್ಲ. ಅವು ಸಮುದ್ರದ ಆಚೆ ಕ್ರಿಮಿಯದ ಅಲುಪ್ಕಾ ಅರಮನೆಯ ಮೆಟ್ಟಿಲುಗಳ ಪಕ್ಕದಲ್ಲಿರುವ ಮೂರು ಬೇರೆಬೇರೆ ಪ್ರತಿಮೆಗಳು. ಅಲುಗದ ಮೂರು ಕಲ್ಲುಗಳಿಂದ ಅಲುಗುವ ಒಂದು ಮೃಗವೂ, ಕ್ರಿಮಿಯದಿಂದ ಒಡೆಸ್ಸಾವೂ ಹುಟ್ಟಿದುವು. ರೇವಿನ ರಾತ್ರಿಯಿಂದ ಸೋಪಾನದ ಹಗಲನ್ನು ಹುಟ್ಟಿಸಿದ ಕ್ರಿಯೆಯೂ ಇದಕ್ಕಿಂತ ಭಿನ್ನವಾದುದಲ್ಲ. ಸಣ್ಣದರಲ್ಲಿ ಅಲಂಕಾರವೆಂದು ಮೆಚ್ಚಿದುದನ್ನೇ ದೊಡ್ಡದರಲ್ಲಿ ಇತಿಹಾಸವೆಂದು ನಂಬಿದುದಷ್ಟೇ ವ್ಯತ್ಯಾಸ.

ಕಾಲದ ವಿಷಯದಲ್ಲಿಯೂ ಹೀಗೆಯೇ. ೧೯೨ ಮೆಟ್ಟಿಲುಗಳನ್ನು ಇಳಿಯಲು ಆರೋಗ್ಯವಂತನಿಗೆ ಎರಡು ಮೂರು ನಿಮಿಷಗಳು ಸಾಕು. ಚಿತ್ರದಲ್ಲಿ ಪ್ರಾಣಭಯದಿಂದ ಓಡುವವರಿಗೂ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುವುದು. ಇಳಿದ ಮೆಟ್ಟಿಲುಗಳನ್ನೇ ಅವರು ಬೇರೊಂದು ದಿಕ್ಕಿನಿಂದ ಮತ್ತೆ ಮತ್ತೆ ಇಳಿಯುವರು. ಭಯಪಟ್ಟವನಿಗೆ ಕ್ಷಣವು ದೀರ್ಘವಾಗಿ ತೋರುವುದೆಂಬ ಅನುಭವವೇ ಇಲ್ಲಿ ಸೋಪಾನದ ಉದ್ದವಾಗಿ ಮಾರ್ಪಟ್ಟಿರುವುದು.

೬

ಈಗ ಪೂರ್ವಪಕ್ಷಗಳು. ನಡೆಯದುದನ್ನು ನಡೆದಂತೆ ತೋರಿಸಿದುದರಿಂದ ಇದು ಅನೃತವೆಂದೂ ಆದುದರಿಂದ ತ್ಯಾಜ್ಯವೆಂದೂ ಕೆಲವರು ಹೇಳುವರು. ಇದು ಸಲ್ಲದು. ಇತಿವೃತ್ತವನ್ನು ಬರಿದೆ ಸಾಗಿಸುವುದರಿಂದ ಕವಿಗೆ ಪ್ರಯೋಜನವಿಲ್ಲ, ಆ ಕಾರ್ಯಕ್ಕೆ ಇತಿಹಾಸವೇ ಸಾಕು, ರಸಕ್ಕೆ ಹೊಂದದ ಕಥಾಂಶವನ್ನು ಬಿಟ್ಟು ಹೊಂದುವುದನ್ನು ಕಲ್ಪಿಸಬೇಕು ಎಂಬುದು ಆನಂದವರ್ಧನನ ಮತ. ಕುಂತಕನೂ ಇಂಥ ಮಾರ್ಪಾಟನ್ನು ಪ್ರಕರಣವಕ್ರತೆಯೆಂದು ಪುರಸ್ಕರಿಸಿರುವನು. ಮೇಲಾಗಿ ಒಡೆಸ್ಸಾದಲ್ಲಿ ಜನರು ಸತ್ತುದು ಸುಳ್ಳಲ್ಲ. ಕತ್ತಲೆಯಲ್ಲಿ, ಹೊಗೆಯಲ್ಲಿ, ಸಾಕ್ಷಿಗಳಿಲ್ಲದೆ ಸತ್ತವರನ್ನು ಚಿತ್ರಕಾರನು ಬಿಸಿಲಿಗೆ ತಂದು ನಿಲ್ಲಿಸಿದನು.

ಇದು ಕಾವ್ಯವಾದುದರಿಂದ ಇತಿಹಾಸಕಾರನಿಗೆ ಇಲ್ಲಿ ಕೆಲಸವೇ ಇಲ್ಲವೆಂಬುದು ಎರಡನೆಯ ಪಕ್ಷ. ಇದೂ ಪೂರ್ತಿಯಾಗಿ ಸಲ್ಲದು. ವಸ್ತುವು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರು ವಿಧವೆಂಬ ದಶರೂಪಕದ ವಿಭಾಗವನ್ನು ಅನುಸರಿಸಿದರೆ ಇದು ಮಿಶ್ರ. ನೌಕೆಯ ಹೆಸರು, ನಗರದ ಹೆಸರು, ವಕುಲಿಂಚುಕನ ಹೆಸರು, ವರ್ಷ ಇವೆಲ್ಲ ಪ್ರಖ್ಯಾತ. ಸೋಪಾನದ ಸಂಹಾರವು ಉತ್ಪಾದ್ಯ. ಪ್ರಖ್ಯಾತದ ನಂಬಿಕೆಯನ್ನು ಸಾಲವಾಗಿ ಪಡೆದು ಉತ್ಪಾದ್ಯವು ನಿಂತಿರುವಾಗ ಎರಡನ್ನೂ ಬೇರ್ಪಡಿಸಿ ತೋರಿಸುವುದು ವಿದ್ವಾಂಸನ ಕರ್ತವ್ಯವಾಗುವುದು. ಶಾಕುಂತಲವನ್ನು ಓದಿದವನಿಗೆ ಭಾರತದ ಉಪಾಖ್ಯಾನವು ಕೈಗೆಟುಕುವಂತಿತ್ತು. ರೇವಿನ ರಾತ್ರಿಯಲ್ಲಿ ಸತ್ತವರಿಗೆ ಅಂಥ ಉಪಾಖ್ಯಾನವು ಇರಲಿಲ್ಲ. ಅವರಿಗೆ ಲೋಕದ ನೆನಪಿನಲ್ಲಿ ದೊರೆತ ಸ್ಥಾನವೆಂದರೆ ಅವರಲ್ಲದವರ ಈ ಚಿತ್ರವೊಂದೇ. ಕಾನ್‌ಸ್ಟಾಂಟ್ಸಾದ ಶರಣಾಗತಿಯ ವಿಷಯವೂ ಇಂಥದೇ. ಸಹೋದರ ನೌಕೆಗಳ ಜಯಘೋಷದ ನಡುವೆ ಪೊಟೆಮ್ಕಿನ್ ಮುಂದೆ ಸಾಗುವುದರೊಡನೆ ಚಿತ್ರವು ಮುಗಿಯುವುದು. ಶರಣಾದವರೂ ಗಲ್ಲಿಗೇರಿದವನೂ ತೆರೆಯ ಹೊರಗೆ ಉಳಿದರು.

ಇಲ್ಲಿ ಚಿತ್ರತುರಗನ್ಯಾಯವು ನೆನಪಿಗೆ ಬರುವುದು. ನಟನಲ್ಲಿ ರಾಮನನ್ನು ಕಾಣುವ ಬುದ್ಧಿಯು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಅದು ಬರೆದ ಕುದುರೆಯನ್ನು ಕುದುರೆಯೆಂದು ತಿಳಿಯುವಂಥ ವಿಲಕ್ಷಣವಾದ ಪ್ರತೀತಿ ಎಂದು ಶಂಕುಕನು ಹೇಳಿದನು. ಬರೆದ ಕುದುರೆಯ ಹಿಂದೆ ಬಣ್ಣವೂ ಗೋಡೆಯೂ ಇರುವುದರಿಂದ ಆ ಪ್ರತೀತಿಯು ಹಾಗೆಯೇ ಉಳಿಯುವುದು. ಚಲಚ್ಚಿತ್ರದ ಕುದುರೆಯ ಹಿಂದೆ ನಿಜವಾದ ಕುದುರೆಯೊಂದು ಇದ್ದೇ ಇದ್ದಿತು. ಆ ಮೆಟ್ಟಿಲುಗಳು ನಿಜ, ಅವುಗಳ ಮೇಲೆ ಓಡಿದವರು ನಿಜ. ಆದರೆ ಅವು ೧೯೨೫ರ ನಿಜ, ೧೯೦೫ರದಲ್ಲ. ಒಂದು ಕಾಲದ ಪ್ರತ್ಯಕ್ಷವನ್ನು ಇನ್ನೊಂದು ಕಾಲಕ್ಕೆ ಪ್ರಮಾಣವನ್ನಾಗಿ ಹ್ರಸ್ವದೃಷ್ಟಿಯಿಂದ ಹಿಡಿದಾಗ ವಿಲಕ್ಷಣಪ್ರತೀತಿಯು ಜಾರಿ ಭ್ರಾಂತಿಯಾಗುವುದು. ಹಾಗೆ ಜಾರಿದುದಕ್ಕೆ ಸಾಕ್ಷಿ ಆ ಊರಿನಲ್ಲಿಯೇ ಇದೆ. ೧೯೫೫ರಲ್ಲಿ, ದಂಗೆಗೆ ಐವತ್ತು ವರ್ಷ ತುಂಬಿದಾಗ, ಆ ಸೋಪಾನಕ್ಕೆ ಪೊಟೆಮ್ಕಿನ್ ಸೋಪಾನವೆಂದು ನಾಮಕರಣವಾಯಿತು. ಯುಕ್ರೇನ್ ಸ್ವತಂತ್ರವಾದಮೇಲೆ ಹಿಂದಿನ ಹೆಸರು ಅಧಿಕೃತವಾಗಿ ಮರಳಿ ಬಂದರೂ ಜನರ ಬಾಯಲ್ಲಿ ಚಿತ್ರವು ಕೊಟ್ಟ ಹೆಸರೇ ನಿಂತಿತು.

೭

ಇದರಿಂದ ಸಿದ್ಧವಾಗುವುದೇನೆಂದರೆ: ಸೋಪಾನ ಪ್ರಕರಣದ ಶಕ್ತಿಯು ಯಾವ ಒಂದು ಖಂಡದಲ್ಲಿಯೂ ಇಲ್ಲ, ಅದು ಖಂಡಗಳ ಸಂಧಿಗಳಲ್ಲಿದೆ. ಕಾರಣಕ್ಕೆ ಮುಂಚೆ ಬರುವ ಕಾರ್ಯ, ಇಳಿತದ ನಡುವಣ ಏರಿಕೆ, ಹೆಜ್ಜೆಯಿಂದ ಗಾಲಿಗೆ ದಾಟುವ ಚಲನೆ, ಕತ್ತಿಗೂ ಕಣ್ಣಿಗೂ ನಡುವೆ ಬಿಟ್ಟ ತೆರಪು ಇವೇ ರಸದ ಸ್ಥಾನಗಳು. ಆ ತೆರಪಿನಲ್ಲಿ ತೋರುವ ಅರ್ಥವನ್ನು ಆನಂದವರ್ಧನನ ಪಕ್ಷದವರು ಧ್ವನಿಯೆನ್ನಬಹುದು. ಮಹಿಮಭಟ್ಟನ ಪಕ್ಷದವರು ಅನುಮಾನವೆನ್ನಬಹುದು. ಧ್ವನಿಪಕ್ಷವು ಇದರ ಸೊಬಗನ್ನು ಹೆಚ್ಚಾಗಿ ವಿವರಿಸುವುದು. ಅನುಮಾನಪಕ್ಷವು ಇದರ ಅಪಾಯವನ್ನು ಹೆಚ್ಚಾಗಿ ತಿಳಿಸುವುದು. ಅನುಮಾನಕ್ಕೆ ವ್ಯಾಪ್ತಿ ಬೇಕು. ಕತ್ತಿಯ ಖಂಡದ ಮುಂದೆ ಗಾಯದ ಖಂಡವು ಬಂದಿತೆಂಬ ಮಾತ್ರಕ್ಕೆ ವ್ಯಾಪ್ತಿಯು ಸಿದ್ಧಿಸುವುದಿಲ್ಲ. ನೋಡುಗನು ಅನುಮಾನಿಸಿದುದು ಹೇತ್ವಾಭಾಸದಿಂದ. ಆದರೂ ಅವನ ಕಣ್ಣೀರು ಆಭಾಸವಲ್ಲ.

ಆದುದರಿಂದ ಇಂಥ ದೃಶ್ಯವನ್ನು ಖಂಡಖಂಡವಾಗಿ ಬಿಡಿಸಿ ನೋಡುವುದು ಕಲೆಯನ್ನು ಕೊಲ್ಲುವ ಕೆಲಸವೆಂದು ತಿಳಿಯಬಾರದು. ಪದಚ್ಛೇದವನ್ನೂ ಅನ್ವಯವನ್ನೂ ಮಾಡಿಸಿದುದರಿಂದ ಯಾವ ಶ್ಲೋಕದ ರಸವೂ ಬತ್ತಿಲ್ಲ. ಒಂದೊಂದು ಖಂಡವು ತಾನಾಗಿ ಎಷ್ಟಕ್ಕೆ ಸಾಕ್ಷಿಯಾಗಬಲ್ಲುದು, ಜೋಡಣೆಯಿಂದ ಎಷ್ಟು ಕೂಡಿಬಂದಿತು ಎಂಬುದನ್ನು ವಿದ್ಯಾರ್ಥಿಯು ಬಿಡಿಸಿ ನೋಡಿದರೆ, ಸೋಪಾನದ ಮೇಲೆ ಬಿದ್ದ ತಾಯಿಗಾಗಿ ಮರುಗುವ ಹೃದಯವೂ ರೇವಿನ ಬೆಂಕಿಯಲ್ಲಿ ಹೆಸರಿಲ್ಲದೆ ಹೋದವರನ್ನು ಹುಡುಕುವ ಬುದ್ಧಿಯೂ ಅವನಲ್ಲಿ ಒಟ್ಟಿಗೆ ಉಳಿಯುವುವು. ಕಾವ್ಯಕ್ಕೆ ಸಲ್ಲಬೇಕಾದುದು ಮೊದಲನೆಯದು. ಸತ್ತವರಿಗೆ ಸಲ್ಲಬೇಕಾದುದು ಎರಡನೆಯದು.